ಮುನಿಯಕ್ಕನ ಹೆಸರಿನ ಚಕ್ಕೋತಗಳು

ಹೋದ ತಿಂಗಳು ನೆಲಮಂಗಲದ ಬಸ್ ನಿಲ್ದಾಣದಲ್ಲಿ ದೊಡ್ಡಬಳ್ಳಾಪುರದ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಚೀಲದಿಂದ ಚಕ್ಕೋತದ ಹಣ್ಣೊಂದನ್ನು ತೆಗೆದು, ಹೆಬ್ಬೆರಳಿನ ಉಗುರಿನಿಂದ ಅದರ ದಪ್ಪ ಸಿಪ್ಪೆ ಸೀಳಿದಳು. ಸಿಪ್ಪೆಯ ಎಣ್ಣೆ ಗಾಳಿಗೆ ಚಿಮ್ಮಿ ಆ ಕಹಿಗಂಪು ಮೂಗಿಗೆ ಬಡಿಯಿತು. "ತಗೊಳ್ಳಿ ಅಕ್ಕ, ಒಬ್ಳೇ ತಿನ್ನಕ್ಕಾಗಲ್ಲ" ಎಂದು ಕೆಂಪು ತೊಳೆಯೊಂದನ್ನು ನನ್ನ ಕಡೆ ಚಾಚಿದಳು. ನಾನು ಅದನ್ನು ತೆಗೆದುಕೊಳ್ಳುವ ಮೊದಲು ಅವಳ ಮಡಿಲಲ್ಲಿದ್ದ ಸಿಪ್ಪೆಯನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದೆ.

"ಏನಕ್ಕ, ಹುಳ ಇದ್ಯಾ?" ಅಂದಳು ಗಾಬರಿಯಿಂದ.

"ಇಲ್ಲಮ್ಮ. ಸ್ಟಿಕ್ಕರ್ ಇದೆಯಾ ಅಂತ ನೋಡ್ದೆ."

ಇರಲಿಲ್ಲ. ಆಮೇಲೆ ತಿಂದೆ. ಹಣ್ಣು ಚೆನ್ನಾಗಿತ್ತು. ಆದರೆ ಬಸ್ಸು ದೊಡ್ಡಬಳ್ಳಾಪುರ ಮುಟ್ಟುವ ತನಕ ಆವತಿಯಲ್ಲಿ ಕಳೆದ ಆ ಒಂದು ಹಂಗಾಮು, ಗೌರಿ ಹಬ್ಬದಿಂದ ಸಂಕ್ರಾಂತಿಯವರೆಗಿನ ಆ ಕೆಲವು ತಿಂಗಳು, ತಲೆಯಿಂದ ಇಳಿಯಲೇ ಇಲ್ಲ.

ನಾನು ಮೊದಲಿನಿಂದಲೂ ಅನುಮಾನದ ಹೆಂಗಸು. ತಕ್ಕಡಿಯವನು ತೂಕ ಹಾಕುವಾಗ ಅವನ ಕಿರುಬೆರಳನ್ನು ನೋಡುವವಳು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುವುದು ನಮ್ಮಪ್ಪ ನನಗೆ ಕೊಟ್ಟ ಬಳುವಳಿ. ಆ ಕೆಲಸ ನನಗೆ ಸಿಕ್ಕಿದ್ದೂ ಆ ಗುಣದಿಂದಲೇ. ದೊಡ್ಡಬಳ್ಳಾಪುರದ ಹೊರಗಿನ ಗ್ರೀನ್‌ಹೌಸ್ ಒಂದರಲ್ಲಿ ಆರು ವರ್ಷ ಗುಲಾಬಿ ಹೂ ವಿಂಗಡಿಸಿದ್ದೆ. ಅದು ಮುಚ್ಚಿಹೋದ ಮೇಲೆ ದೇವನಹಳ್ಳಿ ಹತ್ತಿರದ ಗಂಡನ ಊರು ಆವತಿಯಲ್ಲಿ ಸುಮ್ಮನೆ ಕೂತಿದ್ದೆ. ಗಂಡ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದರು. ಆಗ ಫೋನಿನಲ್ಲಿ ಹಣ್ಣು ಮಾರುವ ಕಂಪನಿಯೊಂದು ಹೆದ್ದಾರಿ ಬದಿಯ ಹಳೆಯ ರಾಗಿಮಿಲ್ಲಿನ ಶೆಡ್ಡನ್ನು ಬಾಡಿಗೆಗೆ ಹಿಡಿದು, ಸುತ್ತಲಿನ ತೋಟಗಳ ಚಕ್ಕೋತ ಕೊಳ್ಳಲು ಶುರುಮಾಡಿತು. ಹಣ್ಣು ನೋಡಿ, ಎಣಿಸಿ ಒಳಗೆ ತೆಗೆದುಕೊಳ್ಳಲು ಒಬ್ಬರು ಬೇಕಿತ್ತು. ನನ್ನನ್ನು ಇಟ್ಟುಕೊಂಡರು.

ಗೌರಿ ಹಬ್ಬಕ್ಕೆ ಇನ್ನೂ ಹತ್ತು ದಿನವಿತ್ತು. ಹೊರಗೆ ಸೋನೆ ಮಳೆ. ಶೆಡ್ಡಿನ ಗೋಡೆಗೆ ಬಿಳಿ ಪಂಚೆ ಕಟ್ಟಿ, ದೀಪಿಕಾ ಎಂಬ ಹುಡುಗಿ ಅದರ ಮೇಲೆ ಚಿತ್ರ ಬಿಟ್ಟು ತೋರಿಸಿದಳು. ಕಂಪನಿಯ ಕಂಪ್ಯೂಟರ್ ವಿಭಾಗದವಳು, ನಗರದಿಂದ ಬಂದಿದ್ದಳು. ಹನ್ನೆರಡು ಜನ ಬೆಳೆಗಾರರು ಕ್ರೇಟುಗಳನ್ನು ಬೋರಲು ಹಾಕಿಕೊಂಡು ಕೂತಿದ್ದರು. ಇದರ ಹೆಸರು ಬ್ಲಾಕ್‌ಚೈನ್ ಎಂದಳು.

"ಇದೊಂದು ಪುಸ್ತಕ ಅಂತ ತಿಳ್ಕೊಳ್ಳಿ. ಆದ್ರೆ ಒಂದೇ ಕಡೆ ಇರಲ್ಲ. ಕಂಪನಿ ಹತ್ರ ಒಂದು ಪ್ರತಿ, ಗೋದಾಮಲ್ಲಿ ಒಂದು, ಸಾಗಿಸೋರ ಹತ್ರ ಒಂದು, ಮಾರೋರ ಹತ್ರ ಒಂದು. ಯಾರಾದ್ರೂ ತಮ್ಮ ಪ್ರತಿ ತಿದ್ದಿದ್ರೆ ಉಳಿದದ್ದರ ಜೊತೆ ತಾಳೆ ಆಗಲ್ಲ, ತಕ್ಷಣ ಸಿಕ್ಕಿಬೀಳ್ತಾರೆ. ಬರೆದದ್ದನ್ನ ಅಳಿಸೋಕೆ ಯಾರಿಂದಲೂ ಆಗಲ್ಲ. ಬೇಕಿದ್ರೆ ಅದರ ಕೆಳಗೆ ಇನ್ನೊಂದು ಸಾಲು ಸೇರಿಸ್ಬಹುದು, ಅಷ್ಟೇ."

ಪ್ರತಿ ಹಣ್ಣಿಗೂ ಒಂದು ಸ್ಟಿಕ್ಕರ್. ಕೊಂಡವರು ಅದನ್ನು ಫೋನಿಗೆ ತೋರಿಸಿದರೆ ಯಾವ ಊರು, ಯಾರ ಮರ, ಯಾವತ್ತು ಕಿತ್ತಿದ್ದು, ಯಾರು ಪಡೆದರು, ಯಾರು ಸಾಗಿಸಿದರು ಎಲ್ಲ ಕಾಣುತ್ತದೆ. ಬೆಳೆದವರ ಫೋಟೋ ಸಮೇತ. ಊರಿನ ಹೆಸರು ಹೇಳಿ ಯಾವುದೋ ಹಣ್ಣು ಮಾರುವವರ ಆಟ ಇನ್ನು ಮುಗಿಯಿತು ಎಂದಳು. ಆ ಮಾತಿಗೆ ಬೆಳೆಗಾರರು ತಲೆದೂಗಿದರು. ದೇವನಹಳ್ಳಿ ಚಕ್ಕೋತ ಅಂತ ಕೂಗಿ ಎಲ್ಲೆಲ್ಲಿಯದೋ ಕಹಿ ಕಾಯಿ ಮಾರುವವರ ಮೇಲೆ ಎಲ್ಲರಿಗೂ ಸಿಟ್ಟಿತ್ತು.

ಮುಂದೆ ಕೂತಿದ್ದ ಮುನಿಯಕ್ಕ ಮಾತ್ರ ತಲೆದೂಗಲಿಲ್ಲ. ಹೆಸರು ಮುನಿಯಮ್ಮ, ಎಪ್ಪತ್ತು ದಾಟಿದ್ದರೂ ಊರಿಗೆಲ್ಲ ಅಕ್ಕನೇ. ಕೆರೆಯ ಹಿಂದೆ ಅವಳ ಇಪ್ಪತ್ತೆರಡು ಮರ. ಆವತಿಯಲ್ಲಿ ಅಷ್ಟು ಸಿಹಿಯ ಕಾಯಿ ಬೇರೆ ಯಾರಲ್ಲೂ ಇಲ್ಲ ಎಂದು ಅವಳಿಗೆ ಆಗದವರೂ ಒಪ್ಪುತ್ತಿದ್ದರು.

"ಅಳ್ಸಕ್ಕಾಗಲ್ಲ, ಸರಿ ಕಣವ್ವ" ಅಂದಳು. "ಮೊದ್ಲು ಬರೆಯೋರೇ ಸುಳ್ಳು ಬರೆದ್ರೆ?"

ದೀಪಿಕಾ ನಕ್ಕಳು. "ಅದಕ್ಕೇ ನಂಬಿಕಸ್ಥರನ್ನ ಆ ಜಾಗದಲ್ಲಿ ಕೂರಿಸಿರೋದು" ಎಂದು ನನ್ನ ಕಡೆ ಕೈತೋರಿಸಿದಳು. ಹನ್ನೆರಡು ಜನ ತಿರುಗಿ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ. ಸುಳ್ಳೇಕೆ, ಹೆಮ್ಮೆಯಾಯಿತು.

ಮರುದಿನ ಮುನಿಯಕ್ಕನ ಫೋಟೋ ತೆಗೆದೆವು. ಮಗಳ ಮದುವೆಯ ರೇಷ್ಮೆ ಸೀರೆ ಉಟ್ಟುಕೊಂಡು, ಮರದ ಕಾಂಡಕ್ಕೆ ಕೈ ಊರಿ ನಿಂತಳು. ನಗು ಅಂದರೆ ನಗಲಿಲ್ಲ. "ಯಾರೋ ಏನೋ, ನೋಡೋರ ಮುಂದೆ ಹಲ್ಲು ಯಾಕೆ ಬಿಡ್ಲಿ" ಅಂದಳು.

ಕೆಲಸ ಹೀಗಿತ್ತು. ಬೆಳಿಗ್ಗೆ ಹಣ್ಣು ಬರುತ್ತಿತ್ತು. ಬೆಳೆಗಾರರ ಕಾರ್ಡನ್ನು ಕಂಪನಿ ಕೊಟ್ಟ ಫೋನಿಗೆ ತೋರಿಸಿ, ನನ್ನ ಗುಟ್ಟಿನ ಸಂಖ್ಯೆ, ಅಂದರೆ ಪಿನ್, ಒತ್ತಿ, ಎಷ್ಟು ಹಣ್ಣು ಎಂದು ಹಾಕಿದರೆ ಪಕ್ಕದ ಯಂತ್ರ ಅಷ್ಟೇ ಸ್ಟಿಕ್ಕರ್ ಉಗುಳುತ್ತಿತ್ತು. ಅಂಟಿಸಿ ಕ್ರೇಟಿಗೆ ತುಂಬಿದರೆ ಹತ್ತು ಗಂಟೆಗೆ ನಯಾಜ್ ಟೆಂಪೊ ತರುತ್ತಿದ್ದ. ಅವನೂ ತನ್ನ ಪಿನ್ ಒತ್ತಿ ಕ್ರೇಟು ಏರಿಸಿಕೊಂಡು, ದೊಡ್ಡಬಳ್ಳಾಪುರದ ಮೇಲೆ ನೆಲಮಂಗಲದ ಹತ್ತಿರದ ಅರಿಶಿನಕುಂಟೆಗೆ ಹೋಗುತ್ತಿದ್ದ. ಕಂಪನಿಯ ಗೋದಾಮು ಅಲ್ಲಿ. ಸಂಜೆ ನಾಲ್ಕಕ್ಕೆ ಖಾಲಿ ಕ್ರೇಟು ತಂದಿಳಿಸಿ ದೇವನಹಳ್ಳಿಯ ತನ್ನ ಮನೆಗೆ ಹೋಗುತ್ತಿದ್ದ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಟೀ ಕುಡಿಯುತ್ತ ವಿಮಾನಗಳ ಲೆಕ್ಕ ಹಾಕುವುದು ಅವನ ಚಟ. "ರತ್ನಕ್ಕ, ಇದು ದುಬೈದು. ಟೈಮಿಗೆ ಸರಿಯಾಗಿ ಬಂದ್ಬಿಟ್ಟಿದೆ ನೋಡಿ" ಅನ್ನುತ್ತಿದ್ದ, ತಾನೇ ಇಳಿಸಿದವನ ಹಾಗೆ.

ಅರಿಶಿನಕುಂಟೆಯ ಗೋದಾಮನ್ನು ನೋಡಿಕೊಳ್ಳುತ್ತಿದ್ದವರು ಹರೀಶ್ ಸರ್. ಮಾತು ನಯ. ಮೊದಲ ವಾರದಲ್ಲೇ ಒಂದು ದಿನ ಮಳೆಗೆ ನೆಟ್‌ವರ್ಕ್ ಹೋಗಿ, ಹಣ್ಣು ಇಟ್ಟುಕೊಂಡು ಬೆಳೆಗಾರರು ಕಾಯುತ್ತ ಕೂತರು. ನಾನು ರಸ್ತೆಗೆ ಹೋಗಿ ಸಿಗ್ನಲ್ ಹುಡುಕಿ ಅವರಿಗೆ ಫೋನ್ ಮಾಡಿದೆ.

"ನಿಮ್ಮ ಪಿನ್ ಹೇಳಿ ರತ್ನಮ್ಮ. ನಾನೇ ಇಲ್ಲಿಂದ ಹಾಕ್ಬಿಡ್ತೀನಿ. ಪಾಪ, ಅವ್ರನ್ನ ಯಾಕೆ ಕಾಯಿಸ್ತೀರಾ?"

ಹೇಳಿದೆ. ತಕ್ಕಡಿಯವನ ಕಿರುಬೆರಳು ನೋಡುವ ನಾನು ನಾಲ್ಕು ಅಂಕೆಗಳನ್ನು ಒಂದೊಂದಾಗಿ, ಸ್ಪಷ್ಟವಾಗಿ, ಎರಡು ಸಲ ಹೇಳಿದೆ. ಸಂಜೆಗೆ ಮರೆತೂಬಿಟ್ಟೆ.

ಗಣೇಶನ ಹಬ್ಬ, ದಸರಾ ಹೋದದ್ದೇ ತಿಳಿಯಲಿಲ್ಲ. ಮುನಿಯಕ್ಕನ ಹಣ್ಣಿಗೆ ಎಲ್ಲಿಲ್ಲದ ಬೇಡಿಕೆ. ಅವಳ ನಗದ ಮುಖವೇ ಜನಕ್ಕೆ ನಂಬಿಕೆ ಹುಟ್ಟಿಸಿತು ಎಂದು ಹರೀಶ್ ಫೋನಿನಲ್ಲಿ ನಗುತ್ತಿದ್ದರು. ದೀಪಾವಳಿಗೆ ಎರಡು ದಿನ ಮುಂಚೆ ಅವಳ ಕೊನೆಯ ಕಾಯಿ ಬಂತು. ನಾನು ಫೋನಿನ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲೂ ಎಲ್ಲ ಬರೆದಿಡುತ್ತಿದ್ದೆ. ಯಂತ್ರದ ಮೇಲೂ ನನಗೆ ಅನುಮಾನ. "ಮುನಿಯಮ್ಮ, ಈ ಸಲಕ್ಕೆ ಮುಗಿಯಿತು" ಎಂದು ಬರೆದು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡೆ. ಆಮೇಲೆ ಶೆಡ್ಡಿಗೆ ಬರುತ್ತಿದ್ದದ್ದು ಇನ್ನೂ ಮೂರು ನಾಲ್ಕು ತೋಟಗಳ ಅಷ್ಟಿಷ್ಟು ಕಾಯಿ ಮಾತ್ರ.

ಧನುರ್ಮಾಸ ಬಂತು. ಬೆಳಿಗ್ಗೆ ಒಂಬತ್ತಾದರೂ ಮಂಜು ಕರಗುತ್ತಿರಲಿಲ್ಲ. ವಿಮಾನಗಳ ಸದ್ದು ಕೇಳುತ್ತಿತ್ತು, ವಿಮಾನ ಕಾಣುತ್ತಿರಲಿಲ್ಲ. ಅಂಥ ಒಂದು ಭಾನುವಾರ ಮುನಿಯಕ್ಕ ಅವಸರದಲ್ಲಿ ಶೆಡ್ಡಿಗೆ ಬಂದಳು. ಮಡಿಲಲ್ಲಿ ಬಿಡಿಸಿದ ಅವರೆಕಾಳು ಹಾಗೇ ಇತ್ತು. ಹಿಂದೆ ಕಾರಿನಿಂದ ಇಳಿದ ಒಬ್ಬ ಹೆಂಗಸು. ನಗರದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರಂತೆ. ನಂದಿ ಬೆಟ್ಟಕ್ಕೆ ಹೊರಟವರು, ದಾರಿಯಲ್ಲಿ ತಾವು ತಿಂದ ಹಣ್ಣಿನ ಮರ ನೋಡಿಕೊಂಡು ಹೋಗೋಣ ಎಂದು ಊರೊಳಗೆ ವಿಚಾರಿಸಿಕೊಂಡು ಬಂದಿದ್ದರು.

"ರತ್ನ, ಇವ್ರೇನೋ ಹೇಳ್ತಾರೆ, ನೀನೇ ಕೇಳು" ಅಂದಳು ಮುನಿಯಕ್ಕ.

ಟೀಚರ್ ಫೋನು ಮುಂದೆ ಹಿಡಿದರು. ರೇಷ್ಮೆ ಸೀರೆಯ ಮುನಿಯಕ್ಕ, ಕಾಂಡಕ್ಕೆ ಊರಿದ ಕೈ. ಕೆಳಗೆ, ಕಿತ್ತ ದಿನ ಮೊನ್ನೆ ಗುರುವಾರ.

"ಇವರ ತೋಟಕ್ಕೇ ಹೋಗಿ ಬಂದೆ. ಮರದಲ್ಲಿ ಒಂದು ಕಾಯೂ ಇಲ್ಲ. ದೀಪಾವಳಿಗೇ ಮುಗೀತು ಅಂತಾರೆ. ಹಾಗಾದ್ರೆ ನಾನು ತಿಂದಿದ್ದು ಯಾರ ಹಣ್ಣು? ಈ ವಯಸ್ಸಲ್ಲಿ ಇಂಥಾ ಮೋಸ ಬೇಕಿತ್ತೇನಮ್ಮಾ ಇವರಿಗೆ?"

ಮುನಿಯಕ್ಕನ ಮಡಿಲಿನಿಂದ ಕಾಳೊಂದು ಜಾರಿ ಉರುಳಿತು. ನಾನು ಟೀಚರ ಫೋನು ತೆಗೆದುಕೊಂಡು ಕೆಳಗೆ ಸರಿಸಿದೆ. ಪಡೆದವರು: ರತ್ನ, ಆವತಿ. ಸಾಗಿಸಿದವರು: ನಯಾಜ್. ಗುರುವಾರ ಶೆಡ್ಡಿಗೆ ಬಂದಿದ್ದು ಬೇರೊಬ್ಬರ ಎರಡು ಕ್ರೇಟು ಕಾಯಿ. ಮುನಿಯಕ್ಕನ ಕಾರ್ಡನ್ನು ನಾನು ಕೈಯಿಂದ ಮುಟ್ಟಿ ತಿಂಗಳಾಗಿತ್ತು.

ನೋಟ್‌ಬುಕ್ ತಂದು ಹೆಬ್ಬೆಟ್ಟು ತೋರಿಸಿದೆ. ಟೀಚರ್ ಅದನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು. ನಂಬಿದಂತೆ ಕಾಣಲಿಲ್ಲ. ಆದರೆ ಹೊರಡುವಾಗ ನನ್ನ ನಂಬರು ಬರೆದುಕೊಂಡರು.

ಆವತಿಯಲ್ಲಿ ಸುದ್ದಿಗೆ ಸಂಜೆಯವರೆಗೂ ಕಾಯುವ ತಾಳ್ಮೆ ಇಲ್ಲ. ಮುನಿಯಕ್ಕ ಹೊರಗಿನ ಕಾಯಿ ತರಿಸಿ ತನ್ನ ಹೆಸರಲ್ಲಿ ಬಿಡುತ್ತಿದ್ದಾಳೆ ಎಂದು ಹಾಲಿನ ಡೈರಿಯ ಸಾಲಿನಲ್ಲಿ ಮಾತಾಯಿತು. ಅದಕ್ಕೇ ಇರಬೇಕು ಅಷ್ಟು ಬೇಡಿಕೆ ಎಂದು ಒಬ್ಬರು ಸೇರಿಸಿದರು. ರತ್ನಳೂ ಜೊತೆಗಿರಬಹುದು ಎಂದು ಇನ್ನೊಬ್ಬರು. ಮಾರನೆಯ ದಿನ ಮುನಿಯಕ್ಕ ಬಂದು, "ನನ್ನ ಪಟ ತೆಗೆದ್ಹಾಕು ರತ್ನ. ನಂಗೆ ಅದ್ರ ಸಹವಾಸ ಬ್ಯಾಡ" ಅಂದಳು. ತೆಗೆಯಲು ಬರುವುದಿಲ್ಲ ಎಂದು ನಾನು ಹೇಳಬೇಕಾಯಿತು. "ಅಂಗಾದ್ರೆ ಯಾರ್ಯಾರ ಮನೇಲೋ ನನ್ನ ಮೂತಿ ಸುಳ್ಳು ಹೇಳ್ತಾನೇ ಇರುತ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ಯಾರು ಮಾಡಿರಬಹುದು? ನಾನಂತೂ ಅಲ್ಲ. ದಾಖಲೆಯಲ್ಲಿ ಉಳಿದ ಇನ್ನೊಂದು ಹೆಸರು ನಯಾಜನದು. ಅವನು ನನ್ನ ಎದುರೇ ಕೂತು ಟೀ ಕುಡಿಯುವಾಗ ಎಷ್ಟು ಸಲ ನಾನು ಪಿನ್ ಒತ್ತಿಲ್ಲ? ಊಟಕ್ಕೆ ಮನೆಗೆ ಹೋದಾಗ ಫೋನನ್ನು ಶೆಡ್ಡಿನ ಗೂಡಿನಲ್ಲೇ ಇಟ್ಟು ಹೋಗಿಲ್ಲವೇ? ಅನುಮಾನ ಒಳಗೆ ಬಂದು ಕೂತ ಮೇಲೆ ನೋಡಿದ್ದೆಲ್ಲ ಅದಕ್ಕೇ ಮೇವು. ಇತ್ತೀಚೆಗೆ ಅವನು ಸಂಜೆ ಕ್ರೇಟು ಇಳಿಸುವಾಗ ಹಿಂದಿನ ಬಾಗಿಲನ್ನು ಅರ್ಧ ಮಾತ್ರ ತೆರೆಯುತ್ತಿದ್ದ. ನಾನು ಹತ್ತಿರ ಹೋದರೆ "ನಾನ್ ಇಳಿಸ್ತೀನಿ, ನೀವು ಇರಿ ಅಕ್ಕ" ಅನ್ನುತ್ತಿದ್ದ. ದೊಡ್ಡಬಳ್ಳಾಪುರದಲ್ಲಿ ಅವನ ಟೆಂಪೊ ಅರ್ಧ ಗಂಟೆ ನಿಂತಿರುತ್ತದೆ ಎಂದು ಬೆಳೆಗಾರರೊಬ್ಬರು ಹೇಳಿದ್ದರು; ಏಕೆ ಎಂದು ಒಮ್ಮೆ ಬೇರೆ ಮಾತಿನ ನಡುವೆ ಕೇಳಿದರೆ, "ಟ್ರಾಫಿಕ್ಕು" ಎಂದು ಎದ್ದುಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನಿಸಿತು.

ಮೂರು ದಿನ ತಡೆದುಕೊಂಡೆ. ನಾಲ್ಕನೆಯ ದಿನ ಹರೀಶ್ ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನಂಗೆ ನಯಾಜ್ ಮೇಲೆ ಅನುಮಾನ ಸರ್."

"ಒಳ್ಳೇ ಕೆಲ್ಸ ಮಾಡಿದ್ರಿ ರತ್ನಮ್ಮ. ನಾಳೇನೇ ಬರ್ತೀನಿ. ಯಾರ ಹತ್ರನೂ ಬಾಯಿ ಬಿಡ್ಬೇಡಿ" ಅಂದರು.

ಅವರು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಯಾವ ದಿನ, ಎಷ್ಟು ಹಣ್ಣು, ಯಾರು ಬಂದಿದ್ದರು, ಯಾವುದನ್ನೂ ಕೇಳಲಿಲ್ಲ. ಅದು ವಿಚಿತ್ರ ಎಂದು ಅವತ್ತು ನನಗೆ ಹೊಳೆಯಲಿಲ್ಲ.

ಮರುದಿನ ಸಂಜೆ ನಾಲ್ಕಕ್ಕೆ ಹರೀಶ್ ಇಬ್ಬರು ಕಾವಲುಗಾರರ ಜೊತೆ ಶೆಡ್ಡಿನ ಮುಂದೆ ಕಾದು ನಿಂತಿದ್ದರು. ಬೆಳೆಗಾರರೂ ನಾಲ್ಕೈದು ಜನ ಸೇರಿದ್ದರು. ನಯಾಜ್ ಬಂದು ಇಳಿದ ಕೂಡಲೇ ಕೀ ಕಿತ್ತುಕೊಂಡು ಟೆಂಪೊ ಬಾಗಿಲು ಪೂರ್ತಿ ತೆರೆದರು. ಖಾಲಿ ಕ್ರೇಟುಗಳ ಹಿಂದೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಆರು ಗಂಟು. ಒಂದನ್ನು ನೆಲಕ್ಕೆ ಎಳೆದು ಬಿಚ್ಚಿದರು. ಒಳಗೆ ರೇಷ್ಮೆ ಸೀರೆಗಳು.

"ಕುಚ್ಚು ಕಟ್ಟೋಕೆ ಸರ್" ಅಂದ ನಯಾಜ್. "ದೊಡ್ಡಬಳ್ಳಾಪುರದ ಮಗ್ಗದೋರು ಕೊಡ್ತಾರೆ. ನಮ್ಮ ಮನೇಲಿ, ಗಲ್ಲೀಲಿ ಹೆಂಗಸ್ರು ಸೆರಗಿಗೆ ಕುಚ್ಚು ಕಟ್ಟಿ ವಾಪಸ್ ಕೊಡ್ತಾರೆ. ಖಾಲಿ ಗಾಡಿ ಬರ್ತಿತ್ತಲ್ಲ ಅಂತ ತಂದೆ. ತಪ್ಪಾಯ್ತು ಸರ್."

"ಕಂಪನಿ ಗಾಡೀಲಿ ಸ್ವಂತ ವ್ಯಾಪಾರ. ಇವತ್ತು ಸೀರೆ, ನಿನ್ನೆ ಏನೇನು ಸಾಗಿಸಿದ್ಯೋ" ಅಂದರು ಹರೀಶ್, ಎಲ್ಲರಿಗೂ ಕೇಳುವ ಹಾಗೆ. ಆ 'ಏನೇನು' ಎಂಬುದನ್ನು ಬೆಳೆಗಾರರು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡರು. ನಯಾಜನನ್ನು ಅಲ್ಲೇ ಕೆಲಸದಿಂದ ತೆಗೆದರು. ಅವನು ಮಣ್ಣಾದ ಸೀರೆಯನ್ನು ಕೊಡವಿ, ಮಡಿಸಿ, ಗಂಟು ಕಟ್ಟಿದ. ಆರು ಗಂಟುಗಳನ್ನೂ ಹೆದ್ದಾರಿಯ ಬಸ್ ನಿಲ್ದಾಣಕ್ಕೆ ಮೂರು ಸಲ ನಡೆದು ಸಾಗಿಸಿದ. ಪ್ರತಿ ಸಲವೂ ನನ್ನ ಮುಂದೆಯೇ ಹಾದುಹೋದ. ನಾನು ಮುಖ ಆ ಕಡೆ ಮಾಡಿದೆ. ಒಂದು ಗಂಟಿಗೂ ಕೈ ಹಾಕಲಿಲ್ಲ. ಕಳ್ಳ ಸಿಕ್ಕಿದ ಎಂಬ ಸಮಾಧಾನ ಇರಬೇಕಿತ್ತು. ಇರಲಿಲ್ಲ. ಸೀರೆಗೂ ಚಕ್ಕೋತಕ್ಕೂ ಏನು ಸಂಬಂಧ ಎಂಬುದು ಗಂಟಲಲ್ಲಿ ಸಿಕ್ಕಿದ ಬೀಜದ ಹಾಗೆ ಕಾಡತೊಡಗಿತು.

ಹದಿನೈದು ದಿನದೊಳಗೆ ಟೀಚರ ಫೋನು ಬಂತು.

"ರತ್ನ ಅವರೇ, ನೋಡೋಣ ಅಂತ ಮತ್ತೆ ತರಿಸ್ದೆ. ಅದೇ ಅಜ್ಜಿ ಫೋಟೋ. ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನೀವು ಪಡೆದಿದ್ದೀರಿ ಅಂತಿದೆ. ನಯಾಜ್ ಅನ್ನೋರು ತಂದಿದ್ದಾರೆ."

"ಮಂಗಳವಾರ?" ಅಂದೆ.

ಮಂಗಳವಾರ ನಾನು ದೊಡ್ಡಬೆಳವಂಗಲದಲ್ಲಿದ್ದೆ. ನಾದಿನಿಯ ಸೀಮಂತ; ತಿಂಗಳು ಮೀರುತ್ತದೆಂದು ಧನುರ್ಮಾಸದಲ್ಲೇ ಇಟ್ಟುಕೊಂಡಿದ್ದರು. ಹನ್ನೊಂದು ಗಂಟೆಗೆ ಅವಳ ಕೈಗೆ ಹಸಿರು ಬಳೆ ತೊಡಿಸುತ್ತಿದ್ದೆ. ಶೆಡ್ಡಿಗೆ ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ, ಕಂಪನಿಯ ಫೋನು ನನ್ನ ಚೀಲದಲ್ಲಿ. ಇನ್ನು ನಯಾಜ್! ಕೆಲಸ ಹೋಗಿ ಹನ್ನೆರಡು ದಿನವಾದ ಮೇಲೂ ಅವನು ಆ ಪುಸ್ತಕದಲ್ಲಿ ಹಣ್ಣು ಸಾಗಿಸುತ್ತಲೇ ಇದ್ದ.

ಹೋಗಿ ಶೆಡ್ಡಿನ ಮುಂದಿನ ಬೇವಿನ ಮರದ ಕಟ್ಟೆಯ ಮೇಲೆ ಕೂತೆ. ನಯಾಜ್ ಅಲ್ಲ ಅಂದರೆ ಯಾರು? ನನ್ನ ಪಿನ್ ಗೊತ್ತಿರುವವರು ಯಾರು? ಎಲ್ಲರನ್ನೂ ಒಬ್ಬೊಬ್ಬರಾಗಿ ತೂಗಿ ನೋಡಿದ ಮೇಲೆ ಗೌರಿ ಹಬ್ಬದ ಹೊತ್ತಿನ ಆ ಮಳೆ ನೆನಪಾಯಿತು. ರಸ್ತೆಬದಿ ನಿಂತು ಒಂದೊಂದೇ ಅಂಕೆ ಹೇಳಿದ ನನ್ನ ದನಿ ನನಗೇ ಕೇಳಿಸಿತು. ಚಾಲಕರಿಗೆ ಪಿನ್ ಕೊಡುತ್ತಿದ್ದವರೂ ಅದೇ ಹರೀಶ್.

ದೀಪಿಕಾಳಿಗೆ ಫೋನ್ ಮಾಡಿದೆ. ಮಂಗಳವಾರದ ಸಾಲನ್ನು ಯಾವ ಯಂತ್ರದಿಂದ ಬರೆದದ್ದು ಎಂದು ತಿಳಿಯುತ್ತದೆಯೇ ಎಂದು ಕೇಳಿದೆ. ಅವಳು ಏನೋ ಟಕಟಕ ಒತ್ತಿದಳು.

"ಅಕ್ಕ, ಇದು ನಿಮ್ಮ ಫೋನಿಂದ ಬಂದಿದ್ದಲ್ಲ. ಅರಿಶಿನಕುಂಟೆ ಗೋದಾಮಿನ ಕಂಪ್ಯೂಟರಿಂದು. ಅಲ್ಲಿ ಬೆಳೆಗಾರರ ಕಾರ್ಡ್ ಬೇಕಿಲ್ಲ, ಪಿನ್ ಇದ್ರೆ ಸಾಕು. ದೀಪಾವಳಿ ಆದ್ಮೇಲೆ ಇಂಥವು ಹದಿನಾಲ್ಕು ಇದಾವೆ, ಒಂದೊಂದೂ ನೂರಾರು ಹಣ್ಣಿನ ಸಾಲು." ದನಿ ತಗ್ಗಿಸಿದಳು. "ಇದೆಲ್ಲ ಮೊದಲಿಂದ ಇಲ್ಲೇ ಇತ್ತು ಅಕ್ಕ. ಯಾರೂ ನೋಡಿಲ್ಲ ಅಷ್ಟೇ."

"ಅಳಿಸಕ್ಕಾಗಲ್ಲ ಅಲ್ವಾ?"

"ಆಗಲ್ಲ. ಕೆಳಗೆ ಸಾಲು ಸೇರಿಸ್ಬಹುದು. ನಿಮ್ಮ ಹೆಸರಿನ ನಮೂದಾದ್ದರಿಂದ ನೀವೇ ಸೇರಿಸ್ಬಹುದು. ಕೊಂಡೋರಿಗೆಲ್ಲ ಕಾಣುತ್ತೆ." ಮತ್ತೆ ಅಂದಳು: "ಮೇಲಿನೋರಿಗೆ ಮೊದ್ಲು ಹೇಳಿದ್ರೆ ನಿಮ್ಮ ಪಿನ್ ನಿಲ್ಲಿಸ್ಬಿಡ್ತಾರೆ. ಬರೆಯೋದಿದ್ರೆ ಮೊದ್ಲು ಬರೀರಿ. ನಾನು ಹೇಳಿದೆ ಅಂತ ಮಾತ್ರ ಹೇಳ್ಬೇಡಿ." ಆ ಹದಿನಾಲ್ಕು ನಮೂದುಗಳ ಪಟ್ಟಿ ಕಳಿಸಿದಳು.

ಮಾರನೆಯ ಬೆಳಿಗ್ಗೆ ಎಂಟಕ್ಕೇ ಶೆಡ್ಡು ತೆರೆದೆ. ಮುನಿಯಕ್ಕನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ನನ್ನ ಪಿನ್ನಿನ ತಪ್ಪನ್ನು ಮೊದಲು ಅವಳಿಗೆ ಹೇಳಿದೆ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಬರಿ" ಅಂದಳು. ನೋಟ್‌ಬುಕ್ ತೊಡೆಯ ಮೇಲಿಟ್ಟು ಒಂದೊಂದು ದಿನವನ್ನೂ ತಾಳೆ ನೋಡಿ, ಒಂದೊಂದರ ಕೆಳಗೂ ಹೀಗೆ ಬರೆಯುತ್ತ ಹೋದೆ: "ಈ ಹಣ್ಣು ಆವತಿಯ ಮುನಿಯಮ್ಮನವರ ಮರದ್ದಲ್ಲ. ಇದನ್ನು ನಾನು ಪಡೆದಿಲ್ಲ, ಎಣಿಸಿಲ್ಲ. ರತ್ನ, ಆವತಿ." ಫೋನಿನಲ್ಲಿ ಕನ್ನಡ ಒತ್ತುವುದು ನನಗೆ ನಿಧಾನ. ಮಂಜಿನ ಚಳಿಗೆ ಬೆರಳು ಮರಗಟ್ಟಿತ್ತು. ಮುನಿಯಕ್ಕ ಪ್ರತಿ ಸಲವೂ ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದಳು.

ಒಂಬತ್ತನೆಯದು ಮುಗಿಸುವಾಗ ಹರೀಶ್ ಅವರ ಕರೆ ಬಂತು. ಎತ್ತಲಿಲ್ಲ. ಮತ್ತೆ ಬಂತು. ಕರೆ ಬಂದಾಗಲೆಲ್ಲ ಬರೆದದ್ದು ಮರೆಯಾಗಿ, ಅದು ನಿಲ್ಲುವವರೆಗೂ ಕಾಯಬೇಕಾಗುತ್ತಿತ್ತು. ಪಿನ್ ನಿಲ್ಲಿಸಿಬಿಟ್ಟರೆ ಎಂಬ ದಿಗಿಲಿನಲ್ಲಿ ಅಕ್ಷರ ತಪ್ಪಿದವು, ತಿದ್ದದೆ ಮುಂದೆ ಹೋದೆ. ಹದಿನಾಲ್ಕನೆಯದನ್ನು ಒತ್ತಿ, ಹಸಿರು ಗುರುತು ಬಿದ್ದ ಮೇಲೆ ಕರೆ ತೆಗೆದುಕೊಂಡೆ.

"ರತ್ನಮ್ಮ, ಏನ್ ಮಾಡ್ತಿದ್ದೀರಾ ಗೊತ್ತಾ ನಿಮಗೆ? ಮೊದ್ಲು ಅದನ್ನ ಅಳಿಸಿ!"

"ಅಳಿಸಕ್ಕಾಗಲ್ವಲ್ಲ ಸರ್" ಅಂದೆ. "ಕಂಪನಿಯೋರೇ ಹೇಳ್ಕೊಟ್ಟಿದ್ದು."

ಅವರು ಕರೆ ತುಂಡರಿಸಿದರು. ಮಧ್ಯಾಹ್ನದ ಹೊತ್ತಿಗೆ ನನ್ನ ಪಿನ್ ನಿಂತಿತು. ವಾರದೊಳಗೆ ಲಾರಿ ಬಂದು ಯಂತ್ರ, ಕ್ರೇಟು, ಫೋನು ಎಲ್ಲ ತುಂಬಿಕೊಂಡು ಹೋಯಿತು. ತಾಂತ್ರಿಕ ದೋಷದಿಂದ ಕೆಲವು ನಮೂದುಗಳು ತಪ್ಪಾಗಿದ್ದವೆಂದು ಕಂಪನಿ ಗಿರಾಕಿಗಳಿಗೆ ತಿಳಿಸಿತಂತೆ. ಟೀಚರ್ ಅದನ್ನು ನನಗೆ ಓದಿ ಹೇಳಿದರು, ಮುನಿಯಕ್ಕನೊಂದಿಗೆ ಮಾತಾಡಿ ಕ್ಷಮೆಯನ್ನೂ ಕೇಳಿದರು. ಹರೀಶ್ ಗೋದಾಮಿನಲ್ಲಿ ಕಾಣಲಿಲ್ಲ. ತೆಗೆದರೋ, ಬೇರೆ ಊರಿಗೆ ಹಾಕಿದರೋ ನಮಗೆ ಯಾರೂ ಹೇಳಲಿಲ್ಲ. ಅಷ್ಟು ಹಣ್ಣು ಎಲ್ಲಿಂದ ಬಂತೋ ತಿಳಿಯಲಿಲ್ಲ. ಮೇಲಿನವರಲ್ಲಿ ಯಾರಿಗೂ ಗೊತ್ತಾಗದೆ ಅಷ್ಟು ಮಾರಾಟವಾಯಿತು ಎಂದರೆ ನನಗೆ ಇವತ್ತಿಗೂ ನಂಬಿಕೆ ಬರುವುದಿಲ್ಲ. ಡೈರಿಯ ಸಾಲಿನಲ್ಲಿ ಮುನಿಯಕ್ಕನಿಗೆ ಮತ್ತೆ ಮುಂದೆ ಜಾಗ ಬಿಡತೊಡಗಿದರು. ಅವಳು ಹಿಂದೆಯೇ ನಿಲ್ಲುತ್ತಿದ್ದಳು.

ಸಂಕ್ರಾಂತಿಯ ಮರುದಿನ ಎಳ್ಳುಬೆಲ್ಲ ಕಟ್ಟಿಕೊಂಡು ದೇವನಹಳ್ಳಿಗೆ ಹೋದೆ. ಕೋಟೆಯ ಹಿಂದಿನ ಗಲ್ಲಿಯಲ್ಲಿ ನಯಾಜನ ಮನೆ ಕೇಳಿದರೆ, ಕುಚ್ಚು ಕಟ್ಟುವವರ ಮನೆಯೇ ಎಂದು ತೋರಿಸಿದರು. ಜಗಲಿಯ ಮೇಲೆ ಬಿಸಿಲಿಗೆ ಬೆನ್ನು ಮಾಡಿ ಅವನ ಹೆಂಡತಿ ಶಬಾನಾ ಮತ್ತೆ ಇಬ್ಬರು ಹೆಂಗಸರು ಕೂತಿದ್ದರು. ತೊಡೆಯ ಮೇಲೆ ಸೆರಗು ಹರಡಿಕೊಂಡು ಎಳೆಗಳನ್ನು ತಿರುಚಿ ಗಂಟು ಹಾಕುತ್ತಿದ್ದರು. ನಾನು ಯಾರೆಂದು ಹೇಳಿದೆ. ಶಬಾನಾಳ ಕೈ ಒಂದು ಗಳಿಗೆ ನಿಂತು ಮತ್ತೆ ಸಾಗಿತು. ಒಳಗೆ ತಿರುಗಿ ಅವನನ್ನು ಕರೆದಳು.

ನಯಾಜ್ ಬಂದು ಬಾಗಿಲಲ್ಲೇ ನಿಂತ. ಇನ್ನೂ ಕೆಲಸ ಸಿಕ್ಕಿರಲಿಲ್ಲ. ಮಗ್ಗದವರು ಸೀರೆ ಕೊಡುವುದನ್ನೂ ಅರ್ಧಕ್ಕೆ ಇಳಿಸಿದ್ದರಂತೆ. ಸೀರೆ ಬೀದಿಯಲ್ಲಿ ಬಿದ್ದಿತ್ತು ಎಂಬ ಸುದ್ದಿ ಅಲ್ಲಿಗೂ ಹೋಗಿತ್ತು.

"ಹರೀಶ್‌ಗೆ ನಿನ್ನ ಹೆಸರು ಹೇಳಿದ್ದು ನಾನೇ ನಯಾಜ್" ಅಂದೆ. "ನಿನ್ನ ಒಂದು ಮಾತು ಕೇಳದೇ ಹೇಳ್ಬಿಟ್ಟೆ. ತಪ್ಪಾಯ್ತು."

"ಗೊತ್ತಿತ್ತು ಅಕ್ಕ. ಅವತ್ತೇ ಗೊತ್ತಾಯ್ತು, ನೀವು ಮುಖ ಆ ಕಡೆ ಮಾಡಿದ್ರಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಸೀರೆ ತಂದಿದ್ದು ನನ್ನ ತಪ್ಪೇ. ಆದ್ರೆ ಹಣ್ಣಿನ ಕಳ್ಳ ಅಂತಾರಲ್ಲ ಜನ, ಅದು ಸುಳ್ಳು."

ನಾನು ಹದಿನಾಲ್ಕು ಸಾಲು ಬರೆದದ್ದನ್ನು ಹೇಳಿದೆ. ನನ್ನ ಸ್ವಂತ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡದ್ದನ್ನು ತೋರಿಸಿದೆ. ಅವನಿಗೆ ಕನ್ನಡ ಓದಲು ನಿಧಾನ. ತುಟಿ ಅಲುಗಿಸುತ್ತ ಓದಿದ. ಮುನಿಯಮ್ಮನವರ ಮರದ್ದಲ್ಲ. ನಾನು ಪಡೆದಿಲ್ಲ, ಎಣಿಸಿಲ್ಲ. ಕೊನೆಯವರೆಗೆ ಓದಿ, ಮತ್ತೆ ಮೇಲಿನಿಂದ ಓದಿದ.

"ಮುನಿಯಕ್ಕಂದು ಬರೆದಿದ್ದೀರಾ, ನಿಮ್ದು ಬರೆದಿದ್ದೀರಾ" ಅಂದ. "ಇದು ನಯಾಜ್ ತಂದಿದ್ದಲ್ಲ ಅಂತ ಎಲ್ಲಿದೆ ಅಕ್ಕ?"

ನಾನು ಫೋನು ತೆಗೆದುಕೊಂಡು ಹುಡುಕಿದೆ, ಇಲ್ಲ ಎಂದು ಗೊತ್ತಿದ್ದೂ. ಹದಿನಾಲ್ಕು ಸಲ ಬರೆದಿದ್ದೆ. ಹದಿನಾಲ್ಕು ಸಲವೂ ಸಾಗಿಸಿದವರು ನಯಾಜ್ ಎಂಬ ಸಾಲು ನನ್ನ ಕಣ್ಣ ಮುಂದೆಯೇ ಇತ್ತು. ಒಮ್ಮೆಯೂ ಅದು ನನ್ನ ಕಣ್ಣಿಗೆ ಬೀಳಲಿಲ್ಲ.

"ಸೇರಿಸಕ್ಕಾಗುತ್ತಾ ಈಗ?"

"ಪಿನ್ ನಿಲ್ಲಿಸಿದ್ದಾರೆ" ಅಂದೆ.

ಅವನು ತಲೆಯಾಡಿಸಿದ. ಶಬಾನಾ ಎದ್ದು ಒಳಗೆ ಹೋಗಿ ಟೀ ತಂದಿಟ್ಟಳು. ನಾನು ಕೊಟ್ಟ ಎಳ್ಳುಬೆಲ್ಲವನ್ನು ನಯಾಜ್ ಎರಡೂ ಕೈಯಲ್ಲಿ ತೆಗೆದುಕೊಂಡ. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡು ಎಂದು ಹೇಳುವುದು ವಾಡಿಕೆ. ಬಾಯಿ ಬರಲಿಲ್ಲ.

ಆಮೇಲೆ ದೀಪಿಕಾಳಿಗೆ ಫೋನ್ ಮಾಡಿದೆ. ಅವಳು ಆ ಕೆಲಸ ಬಿಟ್ಟಿದ್ದಳು. ಕಂಪನಿಯ ನಂಬರಿಗೆ ಎಷ್ಟೋ ಸಲ ಮಾಡಿದೆ. ನಿಮ್ಮ ದೂರು ದಾಖಲಾಗಿದೆ ಎಂದರು, ದಾಖಲೆಯ ಸಂಖ್ಯೆಯನ್ನೂ ಕೊಟ್ಟರು. ನಯಾಜನಿಗೆ ಈಗ ಶಾಲೆಯೊಂದರ ವ್ಯಾನ್ ಓಡಿಸುವ ಕೆಲಸ ಸಿಕ್ಕಿದೆ ಎಂದು ಕೇಳಿದ್ದೇನೆ. ಆದರೆ ಯಾರದೋ ಮನೆಯಲ್ಲಿ ಯಾವುದೋ ಹಳೆಯ ಸ್ಟಿಕ್ಕರ್ ಫೋನಿಗೆ ತಗುಲಿದರೆ ಅವನ ಹೆಸರು ಇನ್ನೂ ಹಾಗೇ ಏಳುತ್ತದೆ.

ಆ ಪುಸ್ತಕದಲ್ಲಿ ಬರೆಯಲು ನನಗೆ ದಾರಿಯಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತ ಕೂತಿದ್ದೇನೆ. ದೀಪಾವಳಿಯ ನಂತರ ಮುನಿಯಕ್ಕನ ಹೆಸರಿನಲ್ಲಿ ಹೋದ ಆ ಹದಿನಾಲ್ಕು ಸಾಲಿನ ಹಣ್ಣುಗಳಲ್ಲಿ ಒಂದನ್ನೂ ನಯಾಜ್ ಸಾಗಿಸಿಲ್ಲ. ಅವನ ಮೇಲೆ ಅನುಮಾನ ಹಾಕಿದ್ದು ನಾನು. ರತ್ನ, ಆವತಿ.